ಗಿರಿಜೆಯ ಕೈ, ನನ್ನ ನಕ್ಷತ್ರಮೀನು

ಗಿರಿಜಾ, ಆ ನೀಲಿ ನಕ್ಷತ್ರಮೀನನ್ನು ಕೊಂದವನು ನಾನು. ನಿನ್ನ ಕೈಯಲ್ಲ — ನಾನು. ಅದು ಸತ್ತ ದಿನವೇ ನನಗೆ ಇದು ಗೊತ್ತಿತ್ತು. ಸಾಯುವ ಮೊದಲೇ ಗೊತ್ತಿತ್ತು ಎಂದರೆ ಇನ್ನೂ ಸರಿ. ಗೊತ್ತಿದ್ದೂ ನಿನ್ನ ಹೆಸರಿಗೆ ಹಚ್ಚಿದೆ. ಹಚ್ಚಿದ್ದನ್ನು ಒರೆಸಲಿಲ್ಲ. ಒರೆಸದಿದ್ದರೇ ನನಗೆ ಅನುಕೂಲ ಎಂದು ಕಂಡಾಗಲೆಲ್ಲ ಅದರ ಮೇಲೆ ಇನ್ನಷ್ಟು ಬಳಿದೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಪ್ಪ ಹಟ ಹಿಡಿದು ನನ್ನನ್ನು ಏಳನೆಯ ಇಯತ್ತೆಯವರೆಗೆ ಕನ್ನಡ ಸಾಲೆಗೆ ಕಳಿಸಿದ್ದರು, ಆಮೇಲೂ ಮನೆಗೆ ಕನ್ನಡ ಪುಸ್ತಕ ತರಿಸುತ್ತಿದ್ದರು. ಅಕ್ಕ ಶೋಭಾ ಮೊದಲಿನಿಂದ ಮರಾಠಿ ಸಾಲೆಯವಳು. ಮಾತಾಡುವುದು ಕನ್ನಡವಾದರೂ ಒಂದು ಸಾಲು ಓದಲಾರಳು. ಮಗಳು ಈಶ್ವರಿಯದು ಇಂಗ್ಲಿಷ್ ಸಾಲೆ. ಅಂದರೆ ಈ ಮನೆಯಲ್ಲಿ ಇದನ್ನು ಓದಬಲ್ಲವಳು ನೀನೊಬ್ಬಳೇ, ಅಕ್ಕಲಕೋಟೆಯ ಕನ್ನಡ ಸಾಲೆಯಲ್ಲಿ ಕಲಿತವಳು. ಬರೆಯಲು ಕುಳಿತ ಮೇಲೆ ಹೊಳೆಯಿತು — ಇದೂ ನನ್ನ ಹೇಡಿತನವೇ. ಮಂದಿಯ ಮುಂದೆ ನಿನ್ನ ಹೆಸರು ಕೆಡಿಸಿ, ಈಗ ನಿನ್ನ ಹೊರತು ಯಾರಿಗೂ ಓದಲು ಬಾರದ ಲಿಪಿಯಲ್ಲಿ ತಪ್ಪೊಪ್ಪಿಕೊಳ್ಳುವುದು. ಆದರೂ ಬರೆಯುತ್ತೇನೆ. ಬರೆಯದೆ ಬಾಯಿಂದ ಹೇಳುವ ಧೈರ್ಯ ಬರಲಿಕ್ಕಿಲ್ಲ.

ಆಗ ಸೊಲ್ಲಾಪುರದಲ್ಲಿ ಮನೆಯೊಳಗೆ ಸಮುದ್ರ ಇಟ್ಟುಕೊಂಡವರು ಬೆರಳೆಣಿಕೆಯ ಮಂದಿ. ಅವರಲ್ಲಿ ನಾನೇ ದೊಡ್ಡವನು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಹಗಲೆಲ್ಲ ಅಂಗಡಿಯಲ್ಲಿ ಚಾದರ, ಟವೆಲ್ ಬಿಚ್ಚಿ ತೋರಿಸಿ ಮಡಚಿಡುವ ವ್ಯಾಪಾರಿ. ಸಂಜೆ ಗಾಜಿನ ತೊಟ್ಟಿಯ ಮುಂದೆ ಕುಳಿತರೆ ಪಂಡಿತ. ನಳದ ನೀರಿಗಾಗಿ ದಿನ ಕಾಯುವ ಊರಿನಲ್ಲಿ ನಾನು ಶುದ್ಧ ಮಾಡಿಸಿದ ನೀರಿಗೆ ಸಮುದ್ರದ ಉಪ್ಪು ಕಲಸಿ ಮೀನಿಗೆ ಹಾಕುತ್ತಿದ್ದೆ. ಬೇಸಿಗೆಯಲ್ಲಿ ಕರೆಂಟು ಹೋದರೆ ಅವ್ವ ಬೀಸಣಿಗೆ ಹಿಡಿದು ಕೂರುತ್ತಿದ್ದಳು. ಇನ್ವರ್ಟರ್ ಮೇಲೆ ತೊಟ್ಟಿಯ ನೀರನ್ನು ತಂಪು ಮಾಡುವ ಯಂತ್ರ ಓಡುತ್ತಿತ್ತು. ಅವಳು ಒಮ್ಮೆಯೂ ಗೊಣಗಲಿಲ್ಲ. ನಾನು ಒಬ್ಬನೇ ಮಗ.

ನೀನು ಮದುವೆಯಾಗಿ ಬಂದ ಹೊಸದರಲ್ಲಿ ಬೇರೆ ಗಂಡಂದಿರು ಏನು ಮಾತಾಡುತ್ತಾರೋ, ನಾನು ನಿನಗೆ ನಕ್ಷತ್ರಮೀನಿನ ಪಾಠ ಮಾಡಿದೆ. ಮುಂಬೈಯಿಂದ ನೀಲಿ ನಕ್ಷತ್ರಮೀನೊಂದು ಬರಲಿತ್ತು, ನನ್ನ ಬಹಳ ದಿನದ ಆಸೆ. ಮೀನಿನ ಹಾಗೆ ಅದನ್ನು ತಂದು ತೊಟ್ಟಿಗೆ ಬಿಡಲು ಬರುವುದಿಲ್ಲ ಎಂದು ವಿವರಿಸಿದೆ. ಅದರ ಮೈಯೊಳಗೆ ಓಡಾಡುವುದು ರಕ್ತವಲ್ಲ, ಸಮುದ್ರದ ನೀರು. ಆ ನೀರಿನ ಒತ್ತಡದಿಂದಲೇ ಅದರ ನೂರಾರು ಪುಟ್ಟ ಕಾಲುಗಳು ಆಡುತ್ತವೆ. ಮೀನು ಮಾರುವ ಅಂಗಡಿಯವರ ನೀರಿನಲ್ಲಿ ಉಪ್ಪು ಕಡಿಮೆ, ನಮ್ಮ ತೊಟ್ಟಿಯಲ್ಲಿ ಹೆಚ್ಚು. ಆದ್ದರಿಂದ ಅದು ಬಂದ ನೀರಿನಲ್ಲೇ ಅದನ್ನಿಟ್ಟು, ಸಣ್ಣ ನಳಿಕೆಗೆ ಗಂಟು ಹಾಕಿ, ನಮ್ಮ ನೀರನ್ನು ಹನಿ ಹನಿಯಾಗಿ ಬೀಳಿಸಬೇಕು — ಗಂಟೆಗಟ್ಟಲೆ. ಅವಸರ ಮಾಡಿದರೆ ಒಳಗೇ ಕೆಡುತ್ತದೆ, ಹೊರಗೆ ಕಾಣುವುದಿಲ್ಲ, ಕಾಣುವಷ್ಟರಲ್ಲಿ ಮುಗಿದಿರುತ್ತದೆ. ಮತ್ತು ಏನೇ ಆದರೂ ನೀರಿನಿಂದ ಹೊರಗೆ ಎತ್ತಬಾರದು. ಗಾಳಿ ತಗುಲಬಾರದು.

ನೀನು ಗಲ್ಲಕ್ಕೆ ಕೈಕೊಟ್ಟು ಕೇಳಿದಿ. ಕೊನೆಗೆ ನಕ್ಕು, "ನನಗೂ ಹಿಂಗ ಹನಿ ಹನಿ ಬಿಟ್ಟಿದ್ರ ಛಲೋ ಇತ್ತು ನೋಡ್ರಿ. ಒಂದ ದಿನಕ್ಕ ತಂದು ಈ ಮನ್ಯಾಗ ಹಾಕಿಬಿಟ್ರಿ" ಎಂದಿ.

ನಾನೂ ನಕ್ಕೆ. ಅದು ನೀನು ಈ ಮನೆಯಲ್ಲಿ ಮಾಡಿದ ಮೊದಲ ಚೇಷ್ಟೆ. ಕೊನೆಯದೂ ಇರಬೇಕು — ನೆನಪು ಮಾಡಿಕೊಂಡು ನೋಡಿದರೆ ಇನ್ನೊಂದು ಸಿಗುವುದಿಲ್ಲ.

ಇನ್ನು ಆ ರವಿವಾರ. ಬೀಗರ ಊಟ. ನಿಮ್ಮ ಅಪ್ಪ, ಅವ್ವ, ಕಾಕಾ, ಕುರನೂರಿನ ಸೋದರತ್ತೆ, ಎಲ್ಲರೂ ಒಂದು ಜೀಪು ಮಾಡಿಕೊಂಡು ಅಕ್ಕಲಕೋಟೆಯಿಂದ ಬಂದಿದ್ದರು. ಹೂರಣದ ಹೋಳಿಗೆ, ಕಟ್ಟಿನ ಸಾರು, ಶೇಂಗಾ ಹಿಂಡಿ — ಅವ್ವ ಮತ್ತು ಶೋಭಕ್ಕ ಮುಂಜಾನೆಯಿಂದ ಒಲೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಬರಬೇಕಿದ್ದ ನಕ್ಷತ್ರಮೀನಿನ ಪೆಟ್ಟಿಗೆ ರೈಲು ತಡವಾಗಿ ಊಟದ ಪಂಕ್ತಿ ಎದ್ದ ಮೇಲೆ ಬಂತು. ಬಕೆಟ್ಟಿನಲ್ಲಿ ಇಳಿಸಿ ಹನಿ ಬಿಟ್ಟೆ. ಬೀಗರೆಲ್ಲ ಬಾಯಿತುಂಬ ವೀಳ್ಯ ಹಾಕಿಕೊಂಡು ಬಕೆಟ್ಟಿನ ಸುತ್ತ ನಿಂತರು. ಅದರ ನೀಲಿ ನೋಡಿ ನಿಮ್ಮ ಅಪ್ಪ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಆ ಸಾಧು ಮನುಷ್ಯ, "ಅಳಿಯಂದಿರ, ಇದಕ್ಕ ಕಣ್ಣ ಎಲ್ಲಿ ಅದಾವ್ರಿ?" ಎಂದು ಕೇಳಿದರು. ತೋಳಿನ ತುದಿಗೊಂದೊಂದು ಎಂದೆ. ಅವರು ಬೆರಗಾದರು. ಆ ಬೆರಗು ನನಗೆ ಹೋಳಿಗೆಗಿಂತ ರುಚಿಯಾಯಿತು.

ಆಗ ಮಾತಿಗೆ ಮಾತು ಬಂದು ಅವರೇ ಹೇಳಿದರು — "ನಮ್ಮ ಗಿರಿಜಾನ ಕೈಗುಣ ಭಾಳ ಛಲೋರಿ. ಓಣ್ಯಾಗ ಯಾರ ಮನಿ ಉಪ್ಪಿನಕಾಯಿ ಇದ್ರೂ ಇಕಿನ್ನ ಕರೀತಿದ್ರು. ಇಕಿ ಹಚ್ಚಿದ ಗಿಡ ಒಣಗಿದ್ದ ನಾ ನೋಡಿಲ್ಲ."

ಅವ್ವನಿಗೆ ಅಷ್ಟು ಸಾಕಾಯಿತು. ನಮ್ಮ ಮನೆಯಲ್ಲಿ ಕೈಗುಣವೆಂದರೆ ಬರೀ ಮಾತಲ್ಲ, ನಿನಗೆ ಗೊತ್ತು. ದೀಪಾವಳಿಯ ಪಾಡ್ಯಕ್ಕೆ ಅಂಗಡಿಯಲ್ಲಿ ಮೊದಲ ಚಾದರ ಯಾರು ಬಿಚ್ಚಬೇಕು, ಉಪ್ಪಿನಕಾಯಿಯ ಬರಣಿಗೆ ಮೊದಲ ಹಿಡಿ ಉಪ್ಪು ಯಾರು ಹಾಕಬೇಕು, ಎಲ್ಲ ಕೈ ನೋಡಿಯೇ. "ಹಂಗಾರ ಹೊಸಾ ಸೊಸಿ ಕೈಲೇನ ಬಿಡಸು ಅದನ್ನ" ಎಂದಳು ಅವ್ವ. "ಬೀಗರ ಮುಂದ ಆಗಲಿ. ರಾಹುಕಾಲ ಹತ್ತೂದ್ರೊಳಗ ಬಿಡಿಸಿಬಿಡಪಾ."

ರವಿವಾರದ ರಾಹುಕಾಲ ನಾಲ್ಕೂವರೆಗೆ ಹತ್ತುತ್ತದೆ. ಹನಿ ಬಿಡಲು ಶುರುಮಾಡಿ ಇನ್ನೂ ಎಷ್ಟೂ ಹೊತ್ತಾಗಿರಲಿಲ್ಲ. ರಾಹುಕಾಲ ಕಳೆದ ಮೇಲೆ ಬಿಡೋಣ ಎಂದು ನಾನು ಹೇಳಬಹುದಿತ್ತು. ಅವ್ವ ಬೇಡ ಎನ್ನುತ್ತಿರಲಿಲ್ಲ. ಆದರೆ ಅಷ್ಟೊತ್ತಿಗೆ ಬೀಗರು ಅಕ್ಕಲಕೋಟೆಯ ದಾರಿ ಹಿಡಿದಿರುತ್ತಿದ್ದರು. ನೋಡುವವರಿಲ್ಲದೆ ನಕ್ಷತ್ರಮೀನು ಬಿಟ್ಟು ನಾನು — ಆ ವಾಕ್ಯವನ್ನು ಮುಗಿಸಲು ನಾಚಿಕೆಯಾಗುತ್ತದೆ.

ನಳಿಕೆ ಕಿತ್ತೆ. ತಂಬಿಗೆಯಿಂದ ತೊಟ್ಟಿಯ ನೀರು ಎತ್ತಿ ಎತ್ತಿ ಬಕೆಟ್ಟಿಗೆ ಸುರಿದೆ, ಸ್ನಾನ ಮಾಡಿಸಿದಂತೆ. ನಿನ್ನನ್ನು ಕರೆದೆ. ನೀನು ಹಸಿರು ಇರಕಲ್ ಸೀರೆಯ ಸೆರಗು ಸಿಕ್ಕಿಸಿ, ಬಳೆ ಮೇಲಕ್ಕೇರಿಸಿ, ಕೈ ಮೊಣಕೈಯವರೆಗೆ ತೊಳೆದು ಬಂದಿ. ಬಕೆಟ್ಟಿನಲ್ಲಿ ಕೈ ಇಳಿಸಿ ಅದನ್ನು ಅಂಗೈ ಮೇಲೆ ಹತ್ತಿಸಿಕೊಂಡಿ. ಹಿಂದಿನಿಂದ ನಿಮ್ಮ ಅಪ್ಪ ಕನ್ನಡಕ ಸರಿಮಾಡಿಕೊಳ್ಳುತ್ತ, "ನನಗ ಕಾಣವಲ್ದು" ಎಂದರು.

"ಮ್ಯಾಲೆ ಎತ್ತು. ಮಾವಾರಿಗೆ ಕಾಣಲಿ" ಎಂದೆ ನಾನು.

ನೀನು ನನ್ನ ಕಡೆ ತಿರುಗಿದಿ. ಬೇರೆ ಯಾರಿಗೂ ಕೇಳಿಸಬಾರದೆಂದು ತುಟಿಯಷ್ಟೇ ಆಡಿಸಿದಂತೆ ಕೇಳಿದಿ — "ಹೊರಗ ತಗೀಬಾರ್ದಂತ ನೀವ ಹೇಳಿದ್ರೆಲ್ರಿ? ಮತ್ತ... ಇಷ್ಟ ಲಗೂ ನಡೀತದೇನ್ರಿ?"

ನನ್ನ ಮರ್ಯಾದೆ ಉಳಿಸಿ ಕೇಳಿದ ಪ್ರಶ್ನೆ ಅದು. ನಾನು ಉತ್ತರವನ್ನು ಇಡೀ ಪಡಸಾಲೆಗೆ ಕೇಳಿಸುವಂತೆ ಕೊಟ್ಟೆ.

"ನೀ ನನಗ ಕಲಸ್ತಿಯೇನು?"

ಎಲ್ಲರೂ ನಕ್ಕರು. ನಿಮ್ಮ ಅಪ್ಪನೂ ನಕ್ಕರು, ಅಳಿಯನ ಮಾತಿಗೆ ನಗದಿದ್ದರೆ ಹೇಗೆ. ನೀನು ಅದನ್ನು ಮೇಲೆತ್ತಿದಿ. ತೋಳುಗಳಿಂದ ನೀರು ಇಳಿದು ನಿನ್ನ ಬಳೆಗಳ ಮೇಲೆ ಬಿತ್ತು. ಶೋಭಕ್ಕ ಫೋಟೊ ತೆಗೆದಳು, ಸರಿ ಬರಲಿಲ್ಲವೆಂದು ಇನ್ನೊಂದು ತೆಗೆದಳು. ಆಮೇಲೆ ನಾನು "ಹೂಂ, ಬಿಡು" ಎಂದೆ. ಬಿಟ್ಟಿ. ಅವ್ವ ಕೈಮುಗಿದಳು.

ಬೀಗರು ಹೋದ ಮೇಲೆ ಬಕೆಟ್ಟಿನಲ್ಲಿ ಉಳಿದ ನೀರಿನ ಉಪ್ಪನ್ನು ಅಳತೆಯ ಕೊಳವೆಯಲ್ಲಿ ಹಾಕಿ ನೋಡಿದೆ. ತೊಟ್ಟಿಯ ನೀರಿಗೂ ಅದಕ್ಕೂ ಅಜಗಜಾಂತರ. ಇದು ಉಳಿಯುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ನೀರು ಚೆಲ್ಲಿ ಬಕೆಟ್ಟು ತೊಳೆದಿಟ್ಟೆ. ಸಾಕ್ಷಿ ತೊಳೆದೆ ಎಂದರೆ ಸರಿಯಾದೀತು.

ಮೊದಲು ಕೆಲವು ದಿನ ಅದು ಗಾಜಿಗೆ ಅಂಟಿಕೊಂಡು ಮೆಲ್ಲಗೆ ಸರಿದಾಡಿತು. ನೀನು ಅಡಿಗೆಮನೆಯಿಂದ ಬರುತ್ತ ಹೋಗುತ್ತ ನಿಂತು ನೋಡುತ್ತಿದ್ದಿ. ಆಮೇಲೆ ಒಂದು ತೋಳಿನ ಬುಡದಲ್ಲಿ ಬಿಳಿ ಕಲೆ ಕಂಡಿತು. ಮರುದಿನ ಆ ತೋಳು ನೆನೆದ ಬಟ್ಟೆಯಂತೆ ಜೋತುಬಿತ್ತು, ಕಳಚಿತು. ಉಳಿದ ತೋಳುಗಳಿಂದ ಅದು ಬಂಡೆ ಏರಲು ನೋಡುತ್ತಿತ್ತು. ಏರುತ್ತ ಏರುತ್ತಲೇ ಕರಗಿತು — ನಾನು ಹೇಳಿಕೊಟ್ಟಿದ್ದೆನಲ್ಲ, ಕಾಣುವಷ್ಟರಲ್ಲಿ ಮುಗಿದಿರುತ್ತದೆ ಎಂದು.

ನಾನು ಜಾಳಿಗೆಯಿಂದ ಅದರ ಚೂರು ತೆಗೆಯುವಾಗ ಅವ್ವ ಬಂದು ಹಿಂದೆ ನಿಂತಳು. ನೀನು ಅಡಿಗೆಮನೆಯಲ್ಲಿ ಭಕ್ಕರಿ ಬಡಿಯುತ್ತಿದ್ದಿ. ಬಡಿಯುವ ಸಪ್ಪಳ ಕೇಳುತ್ತಿತ್ತು.

"ಯಾರ ಕೈಲೆ ಬಿಡಿಸಿದ್ದಿ ಇದನ್ನ?" ಎಂದಳು ಅವ್ವ. ತಾನೇ ಹೇಳಿ ಬಿಡಿಸಿದ್ದು ಅವಳಿಗೆ ನೆನಪಿರಲಿಲ್ಲವೆಂದಲ್ಲ. ನನ್ನ ಬಾಯಿಂದ ಬರಬೇಕಿತ್ತು.

"ಅಕಿ ಕೈಲೆ" ಎಂದೆ.

ಅಷ್ಟೇ ಮಾತು. ಅದರಲ್ಲಿ ಸುಳ್ಳಿಲ್ಲ ನೋಡು. ಸುಳ್ಳಾಡಿದ್ದರೆ ಎಂದಾದರೊಂದು ದಿನ ಸಿಕ್ಕಿಬೀಳುತ್ತಿದ್ದೆ. ಆ ನಿಜಕ್ಕೆ ಯಾರೂ ಎದುರಾಡುವಂತಿರಲಿಲ್ಲ. ಅಡಿಗೆಮನೆಯಲ್ಲಿ ಭಕ್ಕರಿ ಬಡಿಯುವುದು ನಿಂತಿತು. ನೀನು ಹೊರಗೆ ಬಂದು, "ರೀ, ನಾ ಕೇಳಿದ್ದೆನಲ್ರಿ..." ಎಂದೀಯೇನೋ ಎಂದು ನಾನು ಬೆನ್ನು ತಿರುಗಿಸಿಯೇ ಕಾಯ್ದೆ. ಅಂದಿದ್ದರೆ ಗದರಿಸಿ ಬಾಯಿ ಮುಚ್ಚಿಸಲು ಮಾತನ್ನೂ ಸಿದ್ಧ ಮಾಡಿಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು.

ಆ ವರ್ಷ ಉಪ್ಪಿನಕಾಯಿ ಹಾಕುವಾಗ ಅವ್ವ ನಿನ್ನನ್ನು ಮಾವು ಹೆಚ್ಚಲು ಕೂರಿಸಿದಳು, ಬರಣಿಯ ಹತ್ತಿರ ಬಿಡಲಿಲ್ಲ. ಪಾಡ್ಯಕ್ಕೆ ಅಂಗಡಿಗೆ ಕರೆದೊಯ್ದರೂ ಹೊಸ ಚಾದರ ಬಿಚ್ಚಿದ್ದು ಶೋಭಕ್ಕ. ಅಕ್ಕನ ಮಗುವಿನ ನಾಮಕರಣದಲ್ಲಿ ಹೆಂಗಸರೆಲ್ಲ ಸರದಿಯಂತೆ ಮಗುವನ್ನು ಎತ್ತಿ ತೊಟ್ಟಿಲಿಗೆ ಹಾಕುವಾಗ ನಿನ್ನ ಸರದಿ ಬರುತ್ತಲೇ ಅಕ್ಕ ಮಗುವಿಗೆ ಹಾಲು ಕುಡಿಸಬೇಕೆಂದು ಎತ್ತಿಕೊಂಡು ಒಳಗೆ ಹೋದಳು. ನೀನು ಚಾಚಿದ ಕೈಯನ್ನು ಹಾಗೇ ತೊಟ್ಟಿಲಿನ ಹಗ್ಗಕ್ಕೆ ಒಯ್ದು, ಹಗ್ಗ ಸರಿಮಾಡಿದಂತೆ ಮಾಡಿದಿ. ನಾನು ಗಂಡಸರ ಸಾಲಿನಲ್ಲಿ ಕುಳಿತು ನೋಡಿದೆ. ಪಕ್ಕದವರಿಗೆ ಪೇಢೆ ಕೊಟ್ಟೆ.

ನೋಡಿ ಸುಮ್ಮನಿದ್ದೆ ಎಂದರೂ ಕಡಿಮೆಯೇ. ನಾನು ಅದನ್ನು ಬಳಸಿದೆ, ಗಿರಿಜಾ. ನನ್ನ ನಿಷ್ಕಾಳಜಿಗೆ ಒಂದು ಮೀನು ಸತ್ತಾಗ ಗೆಳೆಯರ ಮುಂದೆ, "ನಮ್ಮಾಕಿ ಮುಟ್ಟಿದ್ಳೋ ಏನೋ" ಎಂದು ನಗಿಸಿದೆ. ಅದೂ ನೀನು ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಾಗ. ನೀನು ತಾಟನ್ನು ನೇರವಾಗಿ ಯಾರ ಕೈಗೂ ಕೊಡದೆ ಮೇಜಿನ ಮೇಲಿಟ್ಟು ಹೋದಿ. ಅಂದಿನಿಂದ ನಿನಗೆ ಅದೇ ರೂಢಿಯಾಯಿತು. ಯಾರಿಗೆ ಏನು ಕೊಟ್ಟರೂ ಮೊದಲು ಕೆಳಗಿಡುತ್ತಿ, ಅವರೇ ಎತ್ತಿಕೊಳ್ಳಬೇಕು. ಮನೆಗೆ ಬಂದವರು ಸೊಸೆಗೆ ಭಾರಿ ನಯವಿದೆ ಎಂದು ಹೊಗಳಿದ್ದನ್ನು ಕೇಳಿದ್ದೇನೆ.

ಇನ್ನು ಹೆಪ್ಪು. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದು ಏನು ಉಪಯೋಗ. ಒಂದು ಸಂಜೆ ನೀನು ಹೆಪ್ಪು ಹಾಕಿದ ಹಾಲು ಒಡೆಯಿತು, ಬೇಸಿಗೆಯ ಹಾಲು. ಅವ್ವ ಪಾತೇಲಿಯನ್ನಷ್ಟೇ ನಿನ್ನ ಕಡೆ ತಿರುಗಿಸಿ ತೋರಿಸಿದಳು. ಮರುದಿನದಿಂದ ನೀನು ಹಾಲು ಕಾಸಿ, ಆರಿಸಿ, ಚಮಚೆಯಲ್ಲಿ ಹೆಪ್ಪು ತೆಗೆದು ಕಟ್ಟೆಯ ಮೇಲಿಟ್ಟು ನನ್ನನ್ನು ಕರೆಯತೊಡಗಿದಿ. ನಾನು ಬಂದು ಹಾಕುತ್ತಿದ್ದೆ. ಗಟ್ಟಿ ಮೊಸರಾಗುತ್ತಿತ್ತು. "ನನ್ನ ಮಗನ ಕೈಗುಣ ನೋಡವಾ" ಎನ್ನುತ್ತಿದ್ದಳು ಅವ್ವ, ನಿನಗೇ ಬಡಿಸುತ್ತ. ಕೊಂದ ಕೈ ಅದು. ವರ್ಷಗಟ್ಟಲೆ ಅದೇ ಕೈಯ ಮೊಸರನ್ನು ನೀನು ತಲೆ ತಗ್ಗಿಸಿ ಉಂಡಿ, ನಾನು ಎದುರಿಗೆ ಕುಳಿತು ಉಂಡೆ.

ಬಾಣಂತನಕ್ಕೆ ನೀನು ಅಕ್ಕಲಕೋಟೆಗೆ ಹೋದಾಗ ನಾನು ಇನ್ನೊಂದು ನೀಲಿ ನಕ್ಷತ್ರಮೀನು ತರಿಸಿದೆ. ಈ ಸಲ ಯಾರನ್ನೂ ಕರೆಯಲಿಲ್ಲ. ಇಡೀ ದಿನ ಅಂಗಡಿಗೆ ಹೋಗದೆ ಬಕೆಟ್ಟಿನ ಪಕ್ಕ ಕುಳಿತು ಹನಿ ಬಿಟ್ಟೆ, ಮತ್ತೆ ಮತ್ತೆ ಉಪ್ಪು ಅಳೆದೆ, ನೀರಿನಲ್ಲೇ ಮುಳುಗಿಸಿದ ಡಬ್ಬಿಯಲ್ಲಿ ಅದನ್ನು ತೊಟ್ಟಿಗೆ ದಾಟಿಸಿದೆ. ಗಾಳಿ ಸೋಕಲಿಲ್ಲ. ಅದು ಬದುಕಿತು. ಬಂಡೆಯಿಂದ ಬಂಡೆಗೆ ಮೇಯುತ್ತ ಎಷ್ಟು ಚೆನ್ನಾಗಿ ಬದುಕಿತೆಂದರೆ — ಅವ್ವ ನೆರೆಮನೆಯವರನ್ನು ಕರೆದು ತೋರಿಸಿದಳು. "ನೋಡ್ರಿ, ಅಕಿ ಇಲ್ಲದಾಗ ಬಂತು. ಬದುಕ್ತು."

ಸರಿಯಾಗಿ ಮಾಡಿದ ಕೆಲಸವನ್ನೂ ನಾನು ನಿನ್ನ ವಿರುದ್ಧದ ಪುರಾವೆಯಾಗಿ ಮಾಡಿಟ್ಟೆ. ನೀನು ಎದೆಗೆ ಕೂಸು ಕಟ್ಟಿಕೊಂಡು ಹೊಸಿಲು ದಾಟಿದಾಗ ಅವ್ವ ಆರತಿ ಮಾಡಿ, ಬಲಗೈ ಹಿಡಿದು ತೊಟ್ಟಿಯಿಂದ ದೂರ ಗೋಡೆಯ ಪಕ್ಕದಿಂದ ಒಳಗೆ ಕರೆದೊಯ್ದಳು. ನೀನು ಕತ್ತು ಹೊರಳಿಸಿ ಒಮ್ಮೆ ನೋಡಿದಿ. ನೀಲಿಯಾಗಿ, ನೆಟ್ಟಗೆ, ಐದೂ ತೋಳು ಚಾಚಿ ಗಾಜಿಗೆ ಅಂಟಿತ್ತು ಅದು. ಅವತ್ತೇ ಇರಬೇಕು, ತಪ್ಪು ನಿನ್ನ ಕೈಯದೇ ಎಂದು ನೀನು ಸಂಪೂರ್ಣ ನಂಬಿದ್ದು. ಅಲ್ಲಿಯವರೆಗೆ ನಿನ್ನ ಕಣ್ಣಲ್ಲಿ 'ನಾ ಕೇಳಿದ್ದೆ' ಎಂಬುದೊಂದು ಉಳಿದಿತ್ತು. ಆ ಮೇಲೆ ನಾನು ಅದನ್ನು ನೋಡಲಿಲ್ಲ. ನನಗೆ ನೆಮ್ಮದಿಯಾಯಿತು — ಹೌದು, ಅದೇ ಶಬ್ದ, ನೆಮ್ಮದಿ.

ಈಶ್ವರಿಗೆ ಮೊದಲ ಅನ್ನ ತಿನ್ನಿಸುವ ದಿನ ಬೆಳ್ಳಿ ಬಟ್ಟಲು ನಿನ್ನ ಮುಂದಿತ್ತು. ನೀನು ಅದನ್ನು ನನ್ನ ಕಡೆ ಸರಿಸಿ, "ನೀವ ತಿನಸ್ರಿ. ನನ್ನ ಕೈ ಬ್ಯಾಡ" ಎಂದಿ. ಒಂಬತ್ತು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡ ಮಗುವಿಗೆ, ಎದೆಹಾಲು ಕುಡಿಯುತ್ತಿದ್ದ ಮಗುವಿಗೆ, ಒಂದು ಅಗುಳು ಪಾಯಸ ಇಡಲು ಹೆದರಿದಿ. ನಾನು ತಿನ್ನಿಸಿದೆ. ಮಗು ನಕ್ಕಿತು. ಎಲ್ಲರೂ ಚಪ್ಪಾಳೆ ಹೊಡೆದರು, ನೀನೂ ಹೊಡೆದಿ.

ಹೋದ ವರ್ಷ ಅವ್ವ ಹಾಸಿಗೆ ಹಿಡಿದಳು. ಅವಳ ಮೈ ಒರೆಸಲು, ಮಲಮೂತ್ರ ತೆಗೆಯಲು, ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚಲು ನಿನ್ನ ಕೈ ನಡೆಯುತ್ತಿತ್ತು. ಬಾಯಿಗೆ ಹಾಕುವುದಕ್ಕೆ ಮಾತ್ರ ನಡೆಯುತ್ತಿರಲಿಲ್ಲ. ಗುಳಿಗೆಯನ್ನು ನೀನು ಪುಟ್ಟ ಬಟ್ಟಲಲ್ಲಿ ಇಡಬೇಕು, ನಾನೋ ಶೋಭಕ್ಕನೋ ಬಂದು ಬಾಯಿಗೆ ಹಾಕಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಮನೆಯ ಪದ್ಧತಿಯಾಗಿಬಿಟ್ಟಿತ್ತು.

ಕೊನೆಯ ದಿನ ಮಧ್ಯಾಹ್ನ ನೀನು ಅಂಗಡಿಗೆ ಫೋನ್ ಮಾಡಿದಿ. "ಲಗೂ ಬರ್ರಿ. ನೀರು ಬೇಡಾಕತ್ತಾರ. ನಾ ಕೊಟ್ರ ಬಾಯಿ ತಗೀವಲ್ರು." ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಬಂದು ನೋಡಿದಾಗ ನೀನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚೆಯನ್ನು ತುಟಿಯ ಹತ್ತಿರ ಹಿಡಿದಿದ್ದಿ. ಅವಳ ತುಟಿಗಳು ಒಣಗಿ ಬಿರಿದಿದ್ದವು. ಹಲ್ಲು ಕಚ್ಚಿಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದಳು. ನೀನು ಕೊಟ್ಟ ನೀರು ಗಲ್ಲದಿಂದಿಳಿದು ಅವಳ ಕುಪ್ಪಸ ತೊಯ್ದಿತ್ತು. ಎಷ್ಟು ಹೊತ್ತಿನಿಂದ ನೀನು ಹಾಗೆ —

ನಾನು ನಿನ್ನ ಕೈಯಿಂದ ಅದೇ ಚಮಚೆ ತೆಗೆದುಕೊಂಡೆ. ಅದೇ ಲೋಟದ ನೀರು. ಅವ್ವ ಬಾಯಿ ತೆರೆದಳು.

ಆಗ ಹೇಳಬಹುದಿತ್ತು. ಅವಳಿಗೆ ಕೇಳಿಸುತ್ತಿತ್ತು, ನನ್ನ ದನಿಗೇ ಬಾಯಿ ತೆರೆದದ್ದು ಅವಳು. "ಅವ್ವಾ, ಆ ಮೀನು ನನ್ನ ಅವಸರಕ್ಕ ಸತ್ತಿದ್ದು, ಗಿರಿಜಾನ ಕೈಲೆ ಒಂದು ಗುಟುಕು ಕುಡಿ" — ಇಷ್ಟೇ. ಸಾಯುವವಳ ಮನಸ್ಸು ನೋಯಿಸಬಾರದೆಂದು ಸುಮ್ಮನಾದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಸಾಯುವಾಗಲೂ ಅವಳ ಕಣ್ಣಲ್ಲಿ ನಾನೇ ಒಳ್ಳೆಯ ಕೈಯವನಾಗಿ ಇರಬೇಕಿತ್ತು. ಇದ್ದೆ. ಅವಳು ಹೋದಳು.

ನಮ್ಮಲ್ಲಿಯ ಪದ್ಧತಿಯಂತೆ ಹೆಣವನ್ನು ಕೂರಿಸುವ ಮೊದಲು, ಮಂದಿ ಬರುವ ಮೊದಲು, ನೀನು ಗೋಡೆಗೆ ಆತು ನಿಂತು ನಿನ್ನ ಅಂಗೈಯನ್ನೇ ನೋಡುತ್ತಿದ್ದಿ. "ಖರೇನ ನನ್ನ ಕೈಯಾಗ ಏನರ ಅದ ಏನ್ರಿ?" ಎಂದು ಕೇಳಿದಿ. ಸಿಟ್ಟಿನಿಂದಲ್ಲ. ಡಾಕ್ಟರನ್ನು ಕೇಳಿದ ಹಾಗೆ ಕೇಳಿದಿ.

ಉಪ್ಪಿನ ಪಾಠವನ್ನು ನನ್ನ ಬಾಯಿಂದಲೇ ಕಲಿತು, ನನಗಿಂತ ಚೆನ್ನಾಗಿ ನೆನಪಿಟ್ಟು, ಸರಿಯಾದ ಹೊತ್ತಿಗೆ ಸರಿಯಾದ ಪ್ರಶ್ನೆ ಕೇಳಿದವಳು ನೀನು. ಅಂಥವಳು ಹೀಗೆ ಕೇಳಿದಾಗ ನಾನು ಕೊಟ್ಟ ಉತ್ತರ ಇದು — "ಚಹಾಕ್ಕ ಇಡು. ಮಂದಿ ಬರತಾರ."

ಇಷ್ಟಾದರೂ ನಾನು ಬರೆಯುತ್ತಿರಲಿಲ್ಲ. ಬರೆಸಿದ್ದು ನಿನ್ನೆಯ ಹಾಲು. ನಿನ್ನೆ ಸಂಜೆ ನೀನು ಎಂದಿನಂತೆ ಚಮಚೆಯನ್ನು ಕಟ್ಟೆಯ ಮೇಲಿಟ್ಟು ಕರೆದಿ. ಏನನ್ನಿಸಿತೋ, "ಇವತ್ತ ನೀನ ಹಾಕು" ಎಂದೆ. ನೀನು ಬಹಳ ಹೊತ್ತು ನನ್ನ ಮುಖ ನೋಡಿದಿ, ಇದು ಹೊಸ ಚೇಷ್ಟೆಯೋ ಏನೋ ಎಂಬಂತೆ. ನಾನು ಅಲ್ಲಿಂದ ಹೊರಟುಬಂದೆ. ದೊಡ್ಡ ಉಪಕಾರ ಮಾಡಿದವನಂತೆ ಟೀವಿಯ ಮುಂದೆ ಕುಳಿತೆ.

ಬೆಳಿಗ್ಗೆ ಎದ್ದು ನೋಡಿದರೆ ಚಮಚೆ ಇಟ್ಟಲ್ಲೇ ಇತ್ತು, ಹೆಪ್ಪು ಅದರಲ್ಲೇ ಒಣಗಿತ್ತು. ಸೆಕೆಗೆ ಹಾಲು ಒಡೆದು ನಾರುತ್ತಿತ್ತು. ಈಶ್ವರಿ ಸಾಲೆಯ ಉಡುಪು ಹಾಕಿಕೊಂಡು ಬಂದು ಪಾತೇಲಿಯಲ್ಲಿ ಬಗ್ಗಿ ನೋಡಿ ಮೂಗು ಮುಚ್ಚಿಕೊಂಡಳು. ಅಜ್ಜಿ ಆಡಿದ ಮಾತುಗಳು ಆ ಮಗುವಿನ ಬಾಯಲ್ಲಿ ಮನೆ ಮಾಡಿವೆ.

"ಮಮ್ಮೀ, ನೀ ಮುಟ್ಟಿದ್ದೇನು?"

ನೀನು ನಳದ ಕೆಳಗೆ ಪಾತ್ರೆ ತಿಕ್ಕುತ್ತಿದ್ದಿ. ನೀನು ಮುಟ್ಟಿರಲಿಲ್ಲ. ಮುಟ್ಟದೇ ಇದ್ದುದಕ್ಕೇ ಆ ಹಾಲು ಕೆಟ್ಟಿತ್ತು. ಆದರೂ ನೀನು ತಲೆಯೆತ್ತದೆ "ಹೂಂ" ಎಂದಿ.

ಮಗಳು ತನ್ನ ಎರಡೂ ಕೈ ಮುಂದೆ ಚಾಚಿ ತಿರುವಿ ತಿರುವಿ ನೋಡಿಕೊಂಡಳು. "ಆಜಿ ಅಂತಿದ್ಳು, ನನ್ನ ಬೆರಳ ಥೇಟ್ ನಿನ್ನ ಹಂಗ ಅದಾವಂತ" ಎಂದಳು. ರಿಕ್ಷಾ ಬಂತು, ಹೋದಳು. ನೀನು ಪಾತ್ರೆ ತಿಕ್ಕುತ್ತಲೇ ಇದ್ದಿ.

ಅವ್ವನ ವರ್ಷದ ಪುಣ್ಯತಿಥಿಗೆ ಶೋಭಕ್ಕ ಬರುತ್ತಾಳೆ, ಅಕ್ಕಲಕೋಟೆಯಿಂದ ನಿಮ್ಮ ಅಪ್ಪ, ಅವ್ವ, ಕಾಕಾ ಬರುತ್ತಾರೆ. ಅದೇ ಪಡಸಾಲೆ, ಹೆಚ್ಚು ಕಡಿಮೆ ಅದೇ ಮಂದಿ. ಊಟಕ್ಕೆ ಕೂರುವ ಮೊದಲು ಎದ್ದು ನಿಂತು ಹೇಳುತ್ತೇನೆ, 'ನೀ ನನಗ ಕಲಸ್ತಿಯೇನು' ಎಂದಷ್ಟೇ ಗಟ್ಟಿಯಾಗಿ, ಅಕ್ಕನಿಗೂ ತಿಳಿಯುವಂತೆ, ಅವ್ವ ಆಡುತ್ತಿದ್ದ ಕನ್ನಡದಲ್ಲೇ. ಅವರೆದುರು ನಿನ್ನ ಕ್ಷಮೆ ಕೇಳುವುದಿಲ್ಲ. ಮಂದಿಯ ಮುಂದೆ ಕೇಳಿದರೆ ನೀನು ಕೊಡಲೇಬೇಕಾಗುತ್ತದೆ. ಹಾಗೆ ಮಂದಿಯ ಮುಂದೆ ನಿನ್ನಿಂದ ಒಮ್ಮೆ ಆ ಮೀನನ್ನು ಮೇಲೆತ್ತಿಸಿದ್ದು ಸಾಕು. ಏಕಾಂತದಲ್ಲೂ ಕೇಳುವುದಿಲ್ಲ. ನೀರು ಕೇಳಿ ಗೋಡೆಗೆ ಮುಖ ತಿರುಗಿಸಿದ ಅವ್ವನನ್ನು ನಾನು ವಾಪಸು ತಂದು ನಿನ್ನ ತೊಡೆಯ ಮೇಲೆ ಮಲಗಿಸಲಾರೆ.

ಆದರೆ ಪುಣ್ಯತಿಥಿ ಇನ್ನೂ ದೂರವಿದೆ, ಮಗಳು ಕೈ ನೋಡಿಕೊಂಡದ್ದು ಇವತ್ತು. ಅವಳಿಗೆ ಇದನ್ನು ಓದಲು ಬರುವುದಿಲ್ಲ, ಬಾಯಿಂದಲೇ ಹೇಳಬೇಕು. ನೀನು ಒಳಗೆ ಹಾಲು ಕಾಸುತ್ತಿದ್ದೀ. ನಿನಗೂ ಕೇಳಿಸುವ ಹಾಗೆ ಹೇಳಬೇಕು. ಗೇಟಿನ ಹತ್ತಿರ ಸಾಲೆಯ ರಿಕ್ಷಾ ನಿಂತಿತು. ಅವಳು ಮೆಟ್ಟಿಲು ಹತ್ತುತ್ತಿದ್ದಾಳೆ.